ಮೂರು ದಿನದ ಚುಕ್ಕಿ

ಶನಿವಾರ ಬೆಳಿಗ್ಗೆ ಚುಕ್ಕಿ ಅಡುಗೆಮನೆಯ ನೆಲದ ಮೇಲೆ ಕೂತು ತಗಡಿನ ಡಬ್ಬಿಗಳನ್ನು ಒರೆಸುತ್ತಿದ್ದಳು. ಅಂಗೈಯೊಳಗೆ ಅಡಗುವಷ್ಟು ಪುಟ್ಟ ಡಬ್ಬಿಗಳು. ಬಟ್ಟೆಯ ತುದಿಯನ್ನು ತೋರುಬೆರಳಿಗೆ ಸುತ್ತಿ, ಒಳಗಿನ ಅಂಚಿನಲ್ಲಿ ಒಮ್ಮೆ ಬಲಕ್ಕೆ ಒಮ್ಮೆ ಎಡಕ್ಕೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿ, ಬೋರಲು ಹಾಕುವುದು. ಒಂದು ಹನಿ ನೀರು ಉಳಿದರೂ ಹದಿನೈದು ದಿನದಲ್ಲಿ ತುಂಬಿದ ಮುಲಾಮಿನ ಮೇಲೆ ಬೂಷ್ಟು ಬರುತ್ತದೆ. ಆ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಮಾತು ಬೇಕಿಲ್ಲದ ಕೆಲಸಗಳೆಲ್ಲ ಆ ಮನೆಯಲ್ಲಿ ಅವಳ ಪಾಲಿಗೇ ಬಂದಿದ್ದವು.

ಒಲೆಯ ಪಕ್ಕದಲ್ಲಿ ದೊಡ್ಡಮ್ಮ ಬೆನ್ನು ಮಾಡಿ ನಿಂತು ಜೇನುಮೇಣದ ಗಟ್ಟಿಯನ್ನು ತುರಿಯುತ್ತಿದ್ದಳು. ಹೊರಗಿನ ಕೋಣೆಯಲ್ಲಿ ದೊಡ್ಡಪ್ಪ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಗಡಿಯಾರದ ಹೊಟ್ಟೆ ಬಗೆಯುತ್ತಿದ್ದ. ಕಿಟಕಿಗಳು ಎಂದಿನಂತೆ ಮುಚ್ಚಿದ್ದವು. ಆ ಮನೆಯಲ್ಲಿ ಕಿಟಕಿ ತೆರೆಯುವ ಹಾಗಿಲ್ಲ. ತೆರೆದರೆ ಜರಡಿಗಳಲ್ಲಿ ಒಣಹಾಕಿದ ಹೂವಿನ ಎಸಳು ಹಾರುತ್ತವೆ, ಮುಲಾಮಿಗೆ ರಸ್ತೆಯ ಧೂಳು ಕೂರುತ್ತದೆ, ದೊಡ್ಡಪ್ಪನ ಮೇಜಿನ ಮೇಲಿನ ಸಾಸಿವೆ ಕಾಳಿನಂಥ ತಿರುಪುಗಳು ಎಲ್ಲಿಗೋ ಹೋಗಿಬಿಡುತ್ತವೆ. ಒಬ್ಬೊಬ್ಬರಿಗೆ ಒಂದೊಂದು ಕಾರಣ. ಆರು ವರ್ಷದಿಂದ ಎಣ್ಣೆ, ಮೇಣ, ಒಣಹೂವುಗಳ ವಾಸನೆ ಆ ಗೋಡೆಗಳ ಮಧ್ಯೆಯೇ ಸುತ್ತುತ್ತಿತ್ತು, ಚುಕ್ಕಿಯ ಹಾಗೆ.

ಮೂವತ್ತನೆಯದೋ ಮೂವತ್ತೊಂದನೆಯದೋ ಡಬ್ಬಿ ಒರೆಸುವಾಗ ಅವಳ ಎಡ ಒಳತೋಳು ಚುರ್ ಎಂದಿತು.

ಕೈ ನಿಂತಿತು. ಅವಳು ತೋಳನ್ನು ನೋಡಲಿಲ್ಲ. ದೊಡ್ಡಮ್ಮನ ಬೆನ್ನನ್ನು ನೋಡಿದಳು. ಆ ಬೆನ್ನು ತುರಿಯುವ ತಾಳಕ್ಕೆ ಅಲುಗುತ್ತಲೇ ಇತ್ತು. ಆಮೇಲೆ ಮೆಲ್ಲಗೆ ರವಿಕೆಯ ಉದ್ದತೋಳಿನ ಗುಂಡಿ ಬಿಚ್ಚಿ ಇಣುಕಿದಳು. ನಾಣ್ಯದಗಲದ ಕೆಂಪು. ಅಂಚಿನಲ್ಲಿ ಗಂಧೆಯ ಹಾಗೆ ಸಣ್ಣ ಸಣ್ಣ ಗುಳ್ಳೆ. ಗುಂಡಿಯನ್ನು ಮತ್ತೆ ಹಾಕಿ ಮುಂದಿನ ಡಬ್ಬಿ ಎತ್ತಿಕೊಂಡಳು.

ಚುಕ್ಕಿ ಎಂಬ ಹೆಸರು ಬಂದದ್ದೇ ಈ ತೋಳಿನಿಂದ. ಅಮ್ಮ ತೀರಿಕೊಂಡ ವರ್ಷ, ಎಂಟನೆಯ ತರಗತಿ ಅರ್ಧಕ್ಕೆ ಬಿಟ್ಟು, ಅವಳು ಒಂದು ಚೀಲ ಹಿಡಿದು ದೊಡ್ಡಮ್ಮನ ಮನೆಗೆ ಬಂದಿದ್ದಳು. ಬಂದ ವಾರದಲ್ಲೇ ದೊಡ್ಡಮ್ಮ ಅವಳ ತೋಳನ್ನು ಬೆಳಕಿಗೆ ಹಿಡಿದು, "ಥೇಟ್ ಅವಳ ಅಮ್ಮನ ಚರ್ಮ ಕಣ್ರೀ! ಗಾಳಿ ಊದಿದ್ರೆ ಸಾಕು, ಕೆಂಪಾಗತ್ತೆ" ಎಂದು ಗಂಡನಿಗೆ ತೋರಿಸಿದ್ದಳು. ಮದುವೆಗೆ ಮುಂಚೆ ಅಮ್ಮನೂ ಅಕ್ಕನ ಜೊತೆ ಕೂಸುಗಳ ಮುಲಾಮು ಕಾಯಿಸುವ ಇದೇ ಕೆಲಸ ಮಾಡುತ್ತಿದ್ದಳಂತೆ. ಅಂದಿನಿಂದ ಮುಲಾಮಿನ ಹೊಸ ಪಾಕ ಇಳಿದಾಗಲೆಲ್ಲ ಚುಕ್ಕಿಯ ಒಳತೋಳಿನ ಮೇಲೆ ಒಂದು ಬೊಟ್ಟು. ತೊಳೆಯುವ ಹಾಗಿಲ್ಲ, ಉಜ್ಜುವ ಹಾಗಿಲ್ಲ. ಮೂರು ದಿನ ಮುಲಾಮು ಪಾತ್ರೆಯಲ್ಲೇ ಗಟ್ಟಿಯಾಗಿ ಕೂತಿರಬೇಕು. ಮೂರನೆಯ ದಿನ ಆ ತೋಳು ಹೂಂ ಎಂದರೆ ಪಾತ್ರೆಯನ್ನು ಮತ್ತೆ ಬೆಚ್ಚಗೆ ಮಾಡಿ ಡಬ್ಬಿಗೆ ಹೊಯ್ಯುವುದು, ಊಹೂಂ ಎಂದರೆ ಅಷ್ಟನ್ನೂ ಚೆಲ್ಲುವುದು. ದೊಡ್ಡಮ್ಮ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸ್ವತಃ ಅವಳ ಕೈಗಳು ಮೂವತ್ತು ವರ್ಷ ಬಿಸಿ ಎಣ್ಣೆಯಲ್ಲಿ ಬೆಂದು ಹಳೆಯ ಚಪ್ಪಲಿಯ ಹಾಗಾಗಿದ್ದವು. ಕೆಂಡ ಇಟ್ಟರೂ "ಯಾರದು?" ಅನ್ನುತ್ತವೆ ಎಂದು ದೊಡ್ಡಪ್ಪ ನಗುತ್ತಿದ್ದ.

"ಊರಿನ ಕೂಸುಗಳ ಚರ್ಮವೆಲ್ಲ ನಮ್ಮ ಚುಕ್ಕಿ ತೋಳಿನ ಮೇಲಿದೆ ಕಣಮ್ಮಾ" ಎಂದೂ ಅವನು ಹೇಳುತ್ತಿದ್ದ. ಹೊಗಳಿಕೆಯ ಮಾತೇ. ಆದರೂ ಅದನ್ನು ಕೇಳಿದಾಗಲೆಲ್ಲ ಚುಕ್ಕಿಗೆ ತೋಳು ಭಾರವಾದಂತೆ ಅನ್ನಿಸುತ್ತಿತ್ತು.

ಈ ಸಲದ ಪಾಕ ಇಳಿದದ್ದು ಬುಧವಾರ. ಅಂದು ಬೆಳಿಗ್ಗೆ ದೊಡ್ಡಮ್ಮ ಲವಂಗದ ಎಣ್ಣೆಯ ಹೊಸ ಸೀಸೆ ತರಲು ಅವಳನ್ನು ರಸ್ತೆಯ ಕೊನೆಯ ಔಷಧಿ ಅಂಗಡಿಗೆ ಕಳಿಸಿದ್ದಳು. ಅಂಗಡಿಯಾಕೆ ದಪ್ಪ ಕನ್ನಡಕದ, ಚುರುಕು ಮಾತಿನ ಹೆಂಗಸು. ಸೀಸೆಯನ್ನು ಕಾಗದದಲ್ಲಿ ಸುತ್ತುತ್ತಾ ತಟ್ಟನೆ ಕೇಳಿದಳು:

"ಡಬ್ಬಿ ಮೇಲೆ ಚೀಟಿ ಬರಿಯೋದು ನೀನೇನಾ?"

ಚುಕ್ಕಿ ತಲೆಯಾಡಿಸಿದಳು.

"ಮುತ್ತು ಪೋಣಿಸಿದ ಹಾಗೆ ಬರೀತೀಯ. ನಮ್ಮ ಡಾಕ್ಟರು ಬರ‍್ದಿದ್ದು ದೇವರಿಗೇ ಅರ್ಥ ಆಗಬೇಕು. ನನಗೆ ಒಬ್ಬರು ಬೇಕು. ಔಷಧಿ ಜೋಡಿಸೋದು, ಚೀಟಿ ಬರಿಯೋದು. ಮಹಡಿ ಮೇಲೆ ಒಂದು ರೂಮಿದೆ, ಅಲ್ಲೇ ಇರಬಹುದು. ಚಿಕ್ಕದು. ಆದರೆ ಕಿಟಕಿ ರಸ್ತೆ ಕಡೆಗಿದೆ."

ಚುಕ್ಕಿ ಸೀಸೆಯನ್ನು ಎದೆಗವಚಿಕೊಂಡು ಮಹಡಿಯ ಕಡೆ ಕತ್ತೆತ್ತಿದಳು.

"ಏನಮ್ಮಾ, ನಾಲಿಗೆ ಮನೇಲಿ ಬಿಟ್ಟು ಬಂದ್ಯಾ? ಸೋಮವಾರ ಬೆಳಿಗ್ಗೆ ಬಾ. ಹುಟ್ಟಿದ ಪತ್ರ, ಶಾಲೆ ಬಿಟ್ಟ ಪತ್ರ, ಎರಡೂ ತಗೊಂಡು ಬಾ. ಅದಿಲ್ಲದೆ ಔಷಧಿ ಮುಟ್ಟೋಕೆ ಬಿಡೋ ಹಾಗಿಲ್ಲ, ತಪಾಸಣೆಯವರು ಬಂದ್ರೆ ನನ್ನ ತಲೆ ಹೋಗತ್ತೆ. ಸೋಮವಾರ ಬರದಿದ್ರೆ ಇನ್ನೊಬ್ಬಳನ್ನ ನೋಡ್ತೀನಿ, ಬೇಜಾರು ಮಾಡ್ಕೋಬೇಡ."

ಮನೆಗೆ ಬರುವಾಗ ಚುಕ್ಕಿಯ ಕಾಲು ನೆಲದ ಮೇಲಿರಲಿಲ್ಲ. ಹತ್ತೊಂಬತ್ತು ವರ್ಷದವಳು ದಾರಿಯಲ್ಲಿ ಎರಡು ಸಲ ಯಾರಿಗೋ ಡಿಕ್ಕಿ ಹೊಡೆದಳು. ಕಿಟಕಿ ರಸ್ತೆ ಕಡೆಗಿದೆ. ಬಾಗಿಲಲ್ಲೇ ದೊಡ್ಡಮ್ಮ ಸೀಸೆಯನ್ನು ಕಸಿದುಕೊಂಡು, "ಎಲ್ಲಿ ಬೇರು ಬಿಟ್ಟಿದ್ದೆ? ಎಣ್ಣೆ ಕಾದು ಕೂತಿದೆ" ಎಂದು ನೇರ ಒಲೆಯ ಹತ್ತಿರ ಹೋದಳು. ಚುಕ್ಕಿ ಹಿಂದೆಯೇ ಹೋಗಿ ಅವಳ ಪಕ್ಕ ನಿಂತಳು. ಆದರೆ ಮಸಿಬಟ್ಟೆಯನ್ನು ಮರೆತಳು.

ಮಸಿಬಟ್ಟೆಯ ಗುಟ್ಟು ಚುಕ್ಕಿಯೊಬ್ಬಳಿಗೇ ಗೊತ್ತಿದ್ದದ್ದು. ದೊಡ್ಡಮ್ಮ ಲವಂಗದ ಎಣ್ಣೆಯ ಹನಿಯನ್ನು ಎಣಿಸುವವಳಲ್ಲ. ಒಂದಿಷ್ಟು ತೊಟ್ಟಿಕ್ಕಿಸುವುದು, ಬಿಸಿ ಪಾತ್ರೆಯ ಕಂಠವನ್ನು ಮಸಿಬಟ್ಟೆಯಲ್ಲಿ ಹಿಡಿದು ಬಗ್ಗಿ ಮೂಸುವುದು, "ಬಂತು, ಸಾಕು" ಅನ್ನುವುದು. ಅದೇ ಅವಳ ಅಳತೆ. ಆದರೆ ಎರಡು ವರ್ಷದಿಂದ ಆ ಮೂಗು ಮಂಕಾಗುತ್ತಾ ಬಂದಿತ್ತು. ಹಾಲು ಸೀದು ಮನೆಯೆಲ್ಲ ಹೊಗೆಯಾದಾಗ ಎದುರಿಗೇ ನಿಂತಿದ್ದ ದೊಡ್ಡಮ್ಮ ಹಾಡು ಗುನುಗುತ್ತಿದ್ದುದನ್ನು ಚುಕ್ಕಿ ನೋಡಿದ್ದಳು. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಅದಕ್ಕೇ ಪಾಕದ ದಿನ ಮೊದಲೇ ಮಸಿಬಟ್ಟೆಯ ಮೂಲೆಗೆ ಲವಂಗದ ಎಣ್ಣೆ ಸವರಿ ಇಡುತ್ತಿದ್ದಳು. ಮನಸ್ಸಿನಲ್ಲೇ ಹನಿ ಎಣಿಸುತ್ತಾ ನಿಂತು, ಹದಿನೈದಾದ ಕೂಡಲೇ ಬಟ್ಟೆಯನ್ನು ಕೈಗೆ ಕೊಡುವುದು. ದೊಡ್ಡಮ್ಮ ಅದನ್ನು ಹಿಡಿದು ಬಗ್ಗಿದರೆ ಬಟ್ಟೆಯ ವಾಸನೆಯೇ ಮೂಗಿಗೆ ಹೊಡೆಯುತ್ತಿತ್ತು. "ಬಂತು, ಸಾಕು." ಎರಡು ವರ್ಷ ಹೀಗೇ ನಡೆದಿತ್ತು. ಒಂದು ಕೂಸಿನ ಮೈಯೂ ಕೆಂಪಾಗಿರಲಿಲ್ಲ.

ಬುಧವಾರ ಮಾತ್ರ ಚುಕ್ಕಿಯ ಮನಸ್ಸು ಮಹಡಿಯ ಮೇಲಿನ ಕಿಟಕಿಯಲ್ಲಿ ಕೂತಿತ್ತು. ದೊಡ್ಡಮ್ಮ ತೊಟ್ಟಿಕ್ಕಿಸಿದಳು, ಬಗ್ಗಿದಳು, ಹುಬ್ಬು ಗಂಟಿಕ್ಕಿದಳು. ಇನ್ನಷ್ಟು ತೊಟ್ಟಿಕ್ಕಿಸಿದಳು. "ಈ ಅಂಗಡಿಯವಳು ನೀರು ಬೆರೆಸಿ ಮಾರ‍್ತಾಳೆ ನೋಡು" ಎಂದು ಬೈದು ಸೀಸೆಯನ್ನು ಮತ್ತೂ ಬಗ್ಗಿಸಿದಳು. ಚುಕ್ಕಿಗೆ ಎಚ್ಚರವಾಗುವ ಹೊತ್ತಿಗೆ ಎಷ್ಟು ಹನಿ ಬಿದ್ದಿದ್ದವೋ ಲೆಕ್ಕವೇ ಇರಲಿಲ್ಲ. ಹೇಳಿದರೆ ಮಸಿಬಟ್ಟೆಯ ಗುಟ್ಟೂ ಹೊರಬೀಳುತ್ತದೆ ಎಂದು ಸೀಸೆಯನ್ನು ಎತ್ತಿ ಗೂಡಿನಲ್ಲಿಟ್ಟಳು.

ಆ ಸಂಜೆ, ಆರು ವರ್ಷದಲ್ಲಿ ಮೊದಲ ಸಲ, ಅವಳು ದೊಡ್ಡಮ್ಮನ ಹತ್ತಿರ ತನಗಾಗಿ ಏನನ್ನೋ ಕೇಳಿದಳು. ಔಷಧಿ ಅಂಗಡಿ, ಸೋಮವಾರ, ಎರಡು ಪತ್ರ. ಪತ್ರಗಳು ಕಬ್ಬಿಣದ ಬೀರುವಿನಲ್ಲಿದ್ದವು. ಬೀರುವಿನ ಬೀಗದ ಕೈ ದೊಡ್ಡಮ್ಮನ ಕೊರಳಲ್ಲಿತ್ತು.

ದೊಡ್ಡಮ್ಮ ಅದನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಆಮೇಲೆ, "ಹೆರಿಗೆ ಮನೆ ಆರ್ಡರು ಮೊದಲು ಮುಗೀಲಿ. ಶನಿವಾರ ನರ್ಸಮ್ಮ ಬಂದು ಡಬ್ಬಿ ತಗೊಂಡು ಹೋದ ಮೇಲೆ ಕೊಡ್ತೀನಿ" ಎಂದಳು.

"ಮಾತು ಕೊಟ್ಟಿದ್ದೀಯ ನೋಡು" ಎಂದ ದೊಡ್ಡಪ್ಪ, ಗಡಿಯಾರದಿಂದ ತಲೆ ಎತ್ತದೆ. "ನಾನು ಸಾಕ್ಷಿ."

"ನೀವು ಸಾಕ್ಷಿ ಅಂತೆ. ನಿಮ್ಮ ಗಡಿಯಾರ ಒಂದಾದ್ರೂ ಸರಿ ಟೈಮು ಹೇಳತ್ತಾ?"

ಗುರುವಾರ ತೋಳು ತಣ್ಣಗಿತ್ತು. ಶುಕ್ರವಾರವೂ ತಣ್ಣಗಿತ್ತು. ಎರಡು ದಿನವೂ ದೊಡ್ಡಮ್ಮ ಕೇಳಿದಾಗ ಚುಕ್ಕಿ "ಏನಿಲ್ಲ" ಎಂದಿದ್ದಳು. ಅದು ನಿಜವೇ ಆಗಿತ್ತು. ಬಿದ್ದ ಹನಿಗಳು ಅಷ್ಟೇನೂ ಹೆಚ್ಚಿರಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ತನ್ನ ಎರಡು ಜೊತೆ ಬಟ್ಟೆಯನ್ನೂ ಮಡಿಸಿ ಚೀಲಕ್ಕೆ ತುಂಬಿದ್ದಳು. ಬಂದಾಗ ತಂದಿದ್ದ ಅದೇ ಚೀಲ.

ಈಗ ಶನಿವಾರ. ಮೂರನೆಯ ದಿನ. ದೊಡ್ಡಮ್ಮ ತುರಿದದ್ದು ಸಾಕೆಂದು ಕೈ ಕೊಡವಿ ತಿರುಗಿದಳು.

"ತೋಳು?"

ಡಬ್ಬಿಯ ಒಳಗೆ ಸುತ್ತುತ್ತಿದ್ದ ಬೆರಳನ್ನು ಚುಕ್ಕಿ ನಿಲ್ಲಿಸಲಿಲ್ಲ. "ಏನಿಲ್ಲ."

"ಏನಿಲ್ಲ ತಾನೆ?"

"ಏನಿಲ್ಲ ದೊಡ್ಡಮ್ಮ."

ನೋಡುತ್ತೇನೆ, ತೋಳು ತೋರಿಸು ಎನ್ನಬಹುದಿತ್ತು. ಅನ್ನಲಿಲ್ಲ. ಆರು ವರ್ಷದಲ್ಲಿ ಚುಕ್ಕಿ ಒಂದು ಸುಳ್ಳೂ ಹೇಳಿರಲಿಲ್ಲ. ಮಾತೇ ಕಡಿಮೆ, ಸುಳ್ಳು ಎಲ್ಲಿಂದ ಬರಬೇಕು? ದೊಡ್ಡಮ್ಮ ಒಲೆ ಹಚ್ಚಿದಳು. ಪಾತ್ರೆಯಲ್ಲಿ ಗಟ್ಟಿಯಾಗಿದ್ದ ಹಳದಿ ಮುಲಾಮು ಅಂಚಿನಿಂದ ಕರಗುತ್ತಾ ಬಂದು ನಡುವೆ ಒಂದು ದ್ವೀಪ ಉಳಿಯಿತು, ಆಮೇಲೆ ಅದೂ ಮುಳುಗಿತು. ಲವಂಗದ ವಾಸನೆ ಚುಕ್ಕಿಯ ಕಣ್ಣಲ್ಲಿ ನೀರು ತರಿಸಿತು. ದೊಡ್ಡಮ್ಮ ಆರಾಮಾಗಿ ಉಸಿರಾಡುತ್ತಾ ಹೊಯ್ದಳು. ಚುಕ್ಕಿ ಡಬ್ಬಿ ಹಿಡಿದಳು, ಸಾಲಾಗಿ ಜೋಡಿಸಿದಳು, ಗಟ್ಟಿಯಾದ ಮೇಲೆ ಮುಚ್ಚಳ ಹಾಕಿದಳು, ಚೀಟಿ ಅಂಟಿಸಿದಳು. ಪ್ರತಿ ಚೀಟಿಯಲ್ಲೂ ಅವಳದೇ ಮುತ್ತಿನ ಅಕ್ಷರ: ಎಳೆ ಮಕ್ಕಳ ಮೃದು ಚರ್ಮಕ್ಕೆ.

ತೋಳು ಉರಿಯುತ್ತಲೇ ಇತ್ತು. ಒಂದೊಂದು ಚೀಟಿ ಅಂಟಿಸುವಾಗಲೂ ಅವಳು ಮನಸ್ಸಿನಲ್ಲಿ ಒಂದೇ ಮಾತು ಹೇಳಿಕೊಂಡಳು. ಅಮ್ಮನ ಚರ್ಮ ಇದು, ಗಾಳಿ ಊದಿದರೆ ಕೆಂಪಾಗುವ ಚರ್ಮ. ಎಲ್ಲರದೂ ಹೀಗಿರುವುದಿಲ್ಲ.

ನಾಲ್ಕು ಗಂಟೆಗೆ ಹೆರಿಗೆ ಮನೆಯ ನರ್ಸಮ್ಮ ಬಂದಳು. ದೊಡ್ಡ ಮೈ, ದೊಡ್ಡ ದನಿ, ಬಂದರೆ ಮನೆ ತುಂಬುವ ಹೆಂಗಸು. ಕುರ್ಚಿಯಲ್ಲಿ ಕೂತವಳೇ ಚಪ್ಪಲಿಯಿಂದ ಕಾಲು ಬಿಡಿಸಿಕೊಂಡಳು.

"ಉಸ್ಸಪ್ಪಾ! ಬೆಳಿಗ್ಗೆಯಿಂದ ಮೂರು ಹೆರಿಗೆ. ಒಬ್ಬಳಂತೂ ನನ್ನ ಕೈ ಹಿಡಿದು ಹಿಂಡಿಬಿಟ್ಟಳು ಕಣ್ರೀ, ಹೆತ್ತಿದ್ದು ಅವಳೋ ನಾನೋ ಗೊತ್ತಾಗಲಿಲ್ಲ."

"ಹಾಗಾದ್ರೆ ನಿಮಗೂ ರಜ ಕೊಡಬೇಕು" ಎಂದ ದೊಡ್ಡಪ್ಪ.

"ಯಾರು ಕೊಡ್ತಾರೆ ಸ್ವಾಮಿ? ನೀವು ಒಂದು ಗಡಿಯಾರ ಮಾಡಿಕೊಡಿ, ಐದು ಗಂಟೆ ಆದ ತಕ್ಷಣ ಮಕ್ಕಳು ಹುಟ್ಟೋದು ನಿಲ್ಲಿಸೋ ಅಂಥದ್ದು." ನರ್ಸಮ್ಮ ಚುಕ್ಕಿಯತ್ತ ತಿರುಗಿದಳು. "ಏನೇ ಹುಡುಗಿ, ಇವತ್ತಾದ್ರೂ ಒಂದು ಮಾತಾಡ್ತೀಯಾ, ಇಲ್ಲಾ ಹಬೆ ಹಾಗೆ ಬರೀ ಸುಯ್ ಅಂತೀಯಾ?"

ಚುಕ್ಕಿ ನಕ್ಕಂತೆ ಮಾಡಿ ರಟ್ಟಿನ ಪೆಟ್ಟಿಗೆಗೆ ಡಬ್ಬಿಗಳನ್ನು ಇಳಿಸತೊಡಗಿದಳು. ದೊಡ್ಡಮ್ಮನ ಮುಖದಲ್ಲಿ ಹಿಗ್ಗು. ನರ್ಸಮ್ಮ ಒಂದು ಡಬ್ಬಿ ತೆರೆದು ಮೂಸಿ, "ಅಬ್ಬಾ, ಈ ಸಲ ಘಮ ಜೋರಾಗಿದೆ" ಎಂದಳು.

"ನಿಮ್ಮ ಆಸ್ಪತ್ರೆಗೆ ಅಂತ ಸ್ವಲ್ಪ ಧಾರಾಳವಾಗಿ ಹಾಕಿದ್ದೀನಿ."

"ಒಳ್ಳೇದಾಯ್ತು ಬಿಡಿ. ಮೊನ್ನೆ ಒಂದು ಕೂಸು ಹುಟ್ಟಿದೆ, ತಿಂಗಳು ತುಂಬೋ ಮುಂಚೇನೇ. ಇಷ್ಟೇ ಇದೆ." ನರ್ಸಮ್ಮ ಎರಡು ಕೈ ಹತ್ತಿರ ತಂದು ತೋರಿಸಿದಳು, ನಡುವೆ ಒಂದು ಗಡಿಯಾರದ ಪೆಟ್ಟಿಗೆ ಹಿಡಿಸುವಷ್ಟು ಜಾಗ. "ಕಂಕುಳು, ತೊಡೆಸಂದಿ ಎಲ್ಲಾ ಸುಲಿದು ಹೋಗ್ತಿದೆ ಪಾಪ. ಈರುಳ್ಳಿ ಸಿಪ್ಪೆ ಇರುತ್ತಲ್ಲ, ಹಾಗಿದೆ ಚರ್ಮ. ಮೊದಲನೇ ಡಬ್ಬಿ ಅದಕ್ಕೇ. ಈಗ ಹೋದವಳೇ ಹಚ್ಚಿಬಿಡ್ತೀನಿ."

ಚುಕ್ಕಿಯ ಕೈಯಲ್ಲಿ ಪೆಟ್ಟಿಗೆ ಕಟ್ಟುವ ದಾರವಿತ್ತು. ಒಂದು ಸುತ್ತು ಹಾಕಿದಳು. ಇನ್ನೊಂದು ಸುತ್ತು ಹಾಕಿದಳು. ಗಂಟು ಹಾಕಬೇಕು, ಗಂಟು ಹಾಕಿದರೆ ಪೆಟ್ಟಿಗೆ ಹೋಗುತ್ತದೆ, ಪೆಟ್ಟಿಗೆ ಹೋದರೆ ಬೀರು ತೆರೆಯುತ್ತದೆ. ಬೆರಳಿಗೆ ಗಂಟು ಕೂಡಿಬರಲಿಲ್ಲ.

ದಾರವನ್ನು ಬಿಟ್ಟು ತೋಳಿನ ಗುಂಡಿ ಬಿಚ್ಚಿದಳು. ಬಟ್ಟೆಯನ್ನು ಮೊಣಕೈವರೆಗೆ ಸರಿಸಿ ಮೂವರ ನಡುವೆ ಚಾಚಿದಳು. ಬೆಳಿಗ್ಗೆ ನಾಣ್ಯದಗಲ ಇದ್ದದ್ದು ಈಗ ಅಂಗೈಯಗಲ ಆಗಿತ್ತು.

ಮೊದಲು ಎದ್ದವಳು ನರ್ಸಮ್ಮ. ತೋಳನ್ನು ಹಿಡಿದು, ತಿರುಗಿಸಿ, ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಿದಳು. ದನಿ ತಗ್ಗಿಸಿ, "ಸದ್ಯ, ಹೇಳಿದೆಯಲ್ಲಾ ತಾಯಿ" ಎಂದಷ್ಟೇ ಹೇಳಿ ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಚಪ್ಪಲಿ ಮೆಟ್ಟುತ್ತಾ, "ಹೊಸದು ಮಾಡಿ, ಬುಧವಾರ ಬರ‍್ತೀನಿ. ಕಾಯ್ತೀನಿ, ಪರವಾಗಿಲ್ಲ. ಇಂಥ ಹುಡುಗಿ ಇರೋದಕ್ಕೇ ನಿಮ್ಮ ಮುಲಾಮು ಅಂದ್ರೆ ನಂಬಿಕೆ ನಮಗೆ" ಎಂದು ಹೊರಟುಹೋದಳು.

ಬಾಗಿಲು ಮುಚ್ಚಿದ ಮೇಲೆ ದೊಡ್ಡಮ್ಮ ಬಾಯಿಬಿಟ್ಟಳು. "ಬೆಳಿಗ್ಗೆ ಏನಿಲ್ಲ ಅಂದೆ."

"ಸುಳ್ಳು ಹೇಳಿದೆ."

"ಯಾಕೆ?"

ಯಾಕೆ ಎಂಬುದು ಮೂವರಿಗೂ ಗೊತ್ತಿತ್ತು. ದೊಡ್ಡಮ್ಮನೇ ಆ ಮಾತನ್ನು ಬಿಟ್ಟು ಬೇರೆ ಕಡೆ ಹೊರಳಿದಳು. "ಸೊಪ್ಪು ಮಾರೋ ಮುದುಕಿ ಏನೋ ಬೆರೆಸಿ ಕೊಟ್ಟಿದ್ದಾಳೆ. ಬರಲಿ, ಗ್ರಹಚಾರ ಬಿಡಿಸ್ತೀನಿ."

"ಸೊಪ್ಪಲ್ಲ ದೊಡ್ಡಮ್ಮ. ಲವಂಗದ ಎಣ್ಣೆ ಹೆಚ್ಚಾಯ್ತು."

"ನನ್ನ ಮೂಗಿಗೆ ನೀನು ಪಾಠ ಹೇಳ್ತೀಯಾ?"

ಚುಕ್ಕಿ ಅಡುಗೆಮನೆಗೆ ಹೋಗಿ ಮಸಿಬಟ್ಟೆ ತಂದಳು. ಅದರ ಮೂಲೆ ತೋರಿಸಿ, ನೆಲ ನೋಡುತ್ತಾ, ಎರಡು ವರ್ಷದ್ದನ್ನೆಲ್ಲ ಹೇಳಿದಳು. ಅಷ್ಟುದ್ದ ಮಾತು ಅವಳ ಬಾಯಿಂದ ಆ ಮನೆಯಲ್ಲಿ ಎಂದೂ ಬಂದಿರಲಿಲ್ಲ. ಬೈಗುಳ ಬೀಳುತ್ತದೆ ಎಂದು ಹೆಗಲು ಕುಗ್ಗಿಸಿ ಕಾದಳು. ಬೀಳಲಿಲ್ಲ. ದೊಡ್ಡಮ್ಮ ಆ ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿದಳು, ತೆಗೆದಳು, ಮತ್ತೆ ಒತ್ತಿದಳು. ಮೇಜಿನ ಮೇಲಿದ್ದ ಡಬ್ಬಿ ತೆರೆದು ಮೂಸಿದಳು. ಗಂಡನ ಚಹಾ ಲೋಟ ಎತ್ತಿ ಮೂಸಿದಳು. ಆಮೇಲೆ ನರ್ಸಮ್ಮ ಕೂತಿದ್ದ ಕುರ್ಚಿಯಲ್ಲಿ ಮೆಲ್ಲಗೆ ಕೂತಳು. ಚುಕ್ಕಿ ಮೊದಲ ಸಲ ಅವಳ ಕಣ್ಣಲ್ಲಿ ಹೆದರಿಕೆ ನೋಡಿದಳು. ಕೋಪಕ್ಕಿಂತ ಅದು ಕಷ್ಟವಾಗಿತ್ತು.

"ನಾನು ಎಲ್ಲಾ ಬರೆದಿಡ್ತೀನಿ" ಎಂದಳು ಚುಕ್ಕಿ ಅವಸರದಿಂದ. "ಇಷ್ಟು ಪಾತ್ರೆಗೆ ಹದಿನೈದು ಹನಿ. ಮೂಸೋದೇ ಬೇಡ. ಎಣಿಸಿದ್ರೆ ಸಾಕು. ಈಗಲೇ ಹೊಸ ಪಾಕ ಇಳಿಸೋಣ, ನಾನೇ ಮಾಡ್ತೀನಿ. ತೋಳಿಗೆ ಬೊಟ್ಟು ಇಟ್ಕೊಂಡೇ ಹೋಗ್ತೀನಿ, ಅಂಗಡಿ ಇಲ್ಲೇ ರಸ್ತೆ ತುದಿ, ದಿನಾ ಬಂದು ತೋರಿಸ್ತೀನಿ."

ದೊಡ್ಡಮ್ಮ ತಲೆ ತಗ್ಗಿಸಿ ಮಸಿಬಟ್ಟೆಯನ್ನು ಮಡಿಸತೊಡಗಿದಳು. ಚುಕ್ಕಿ ಅದನ್ನೇ ಒಪ್ಪಿಗೆ ಎಂದುಕೊಂಡಳು. ಚೀಟಿ ಬರೆಯುವ ದಪ್ಪ ಕಾಗದದ ಮೇಲೆ ಎಣ್ಣೆಯೆಷ್ಟು, ಮೇಣವೆಷ್ಟು, ಹೂವನ್ನು ಎಷ್ಟು ದಿನ ಎಣ್ಣೆಯಲ್ಲಿ ನೆನೆಸಬೇಕು, ಹನಿಯೆಷ್ಟು ಎಲ್ಲವನ್ನೂ ಬರೆದು ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು. ಅರವತ್ತು ಡಬ್ಬಿಯನ್ನೂ ಕೆರೆದು ಚೆಲ್ಲಿದಳು, ಬಿಸಿನೀರಲ್ಲಿ ತೊಳೆದಳು, ಬೋರಲು ಹಾಕಿದಳು. ಮುಂದಿನ ಪಾಕಕ್ಕೆಂದು ನೆನೆಸಿಟ್ಟಿದ್ದ ಹೂವಿನ ಎಣ್ಣೆ ಸೋಸಿದಳು, ಮೇಣ ಕರಗಿಸಿದಳು. ಹದಿನೈದು ಹನಿಯನ್ನು ದೊಡ್ಡಮ್ಮನಿಗೆ ಕೇಳಲೆಂದೇ ಗಟ್ಟಿಯಾಗಿ ಎಣಿಸಿದಳು. ಪಾಕ ಇಳಿಯುವ ಹೊತ್ತಿಗೆ ಮುಚ್ಚಿದ ಕಿಟಕಿಯ ಗಾಜಿನಲ್ಲಿ ಸಂಜೆಯ ಬಿಸಿಲು ಇನ್ನೂ ಇತ್ತು.

ದೊಡ್ಡಮ್ಮ ಕುರ್ಚಿಯಿಂದ ಎದ್ದು ಬಂದಳು. ಗೋಡೆಯ ಮೇಲಿನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಅಕ್ಷರ ಚೆನ್ನಾಗಿತ್ತು. ಅದನ್ನು ಗೋಡೆಯಿಂದ ಬಿಡಿಸಿ, ನಾಲ್ಕಾಗಿ ಮಡಿಸಿ, ಮೇಣದ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದಳು.

"ಕಾಗದಕ್ಕೆ ಚರ್ಮ ಇಲ್ಲ ಕಣೇ" ಎಂದಳು. ದನಿ ಮೆತ್ತಗಿತ್ತು, ಬೈಗುಳದ ದನಿಯಲ್ಲ. "ಇವತ್ತು ನೀನಿಲ್ಲದಿದ್ರೆ ಆ ಕೂಸಿನ ಗತಿ ಏನಾಗ್ತಿತ್ತು? ನೀನೇ ಹೇಳು. ನರ್ಸಮ್ಮನೂ ಹೇಳಿ ಹೋದಳಲ್ಲ."

ಚುಕ್ಕಿ ಬಾಗಿಲಾಚೆ ನೋಡಿದಳು. ಸಾಕ್ಷಿ ಎಂದಿದ್ದವನು ಭೂತಗನ್ನಡಿಯನ್ನು ಕಣ್ಣಿಗೆ ಇನ್ನೂ ಒತ್ತಿಕೊಂಡು, ಬಿಚ್ಚಿಟ್ಟ ಗಡಿಯಾರದ ಮೇಲೆ ಬಗ್ಗಿದ್ದ. ಅವನ ಕೈಯಲ್ಲಿ ಯಾವ ತಿರುಪೂ ಇರಲಿಲ್ಲ.

ದೊಡ್ಡಮ್ಮ ಬೆಚ್ಚಗಿನ ಮುಲಾಮಿನಲ್ಲಿ ಕಿರುಬೆರಳು ಅದ್ದಿದಳು. ಇನ್ನೊಂದು ಕೈಯಿಂದ ಚುಕ್ಕಿಯ ಬಲ ತೋಳನ್ನು ಹಿಡಿದು, ಬಟ್ಟೆ ಸರಿಸಿ, ಒಳಮೈ ಮೇಲೆ ಮಾಡಿದಳು. ಎಡ ತೋಳು ಮಾಯುವವರೆಗೆ ಇದು. ಬೊಟ್ಟು ಬಿದ್ದ ಜಾಗ ಒಂದು ಕ್ಷಣ ಬಿಸಿಯಾಗಿ ತಣ್ಣಗಾಯಿತು. ಭಾನುವಾರ, ಸೋಮವಾರ, ಮಂಗಳವಾರ ಎಂದು ಚುಕ್ಕಿ ಮನಸ್ಸಿನಲ್ಲೇ ಎಣಿಸಿದಳು. ದೊಡ್ಡಮ್ಮ ಬಗ್ಗಿದಾಗ ಕೊರಳಿನ ಬೀಗದ ಕೈ ಹೊರಬಂದು, ಇಬ್ಬರ ನಡುವೆ ಅತ್ತಿತ್ತ ತೂಗಿ, ನಿಂತಿತು. ಚಾಚಿದ ತೋಳನ್ನು ಚುಕ್ಕಿ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ದೊಡ್ಡಮ್ಮ," ಎಂದಳು, "ನನ್ನ ಪತ್ರಗಳನ್ನ ಕೊಡಿ."